ಏಳನೆಯ ಕಲ್ಲು

ಮರಳುಗಾಡಿನಲ್ಲಿ ನೆಲ ಅಳೆಯುವವನ ದಿನ ಹತ್ತು ಗಂಟೆಗೆಲ್ಲ ಮುಗಿದುಹೋಗುತ್ತದೆ. ಆಮೇಲೆ ನೆಲದ ಮೇಲಿನ ಗಾಳಿ ಕುದಿಯತೊಡಗುತ್ತದೆ. ದುರ್ಬೀನಿನೊಳಗೆ ಅಳತೆಗೋಲಿನ ಅಂಕಿಗಳು ನೀರಿಗೆ ಬಿದ್ದ ಹಾಗೆ ಅಲುಗಾಡುತ್ತವೆ; ಐದು ಯಾವುದು, ಆರು ಯಾವುದು ತಿಳಿಯುವುದಿಲ್ಲ. ಚಳಿಗಾಲದಲ್ಲಿ ಇನ್ನೆರಡು ಗಂಟೆ ಹೆಚ್ಚು ಸಿಗುತ್ತದೆ ನಿಜ, ಆದರೆ ಆಗ ಬೆಳಗಿನ ಮಂಜಿನ ಕಾಟ. ಮಂಜು ಹರಿಯುವವರೆಗೆ ಟ್ರೈಪಾಡಿನ ಪಕ್ಕ ಕೈಕಟ್ಟಿ ನಿಂತುಕೊಳ್ಳಬೇಕು. ನನಗೆ ಆ ಕಾಯುವ ಹೊತ್ತೇ ಇಷ್ಟ. ಮೊದಲು ನಮ್ಮ ಪಿಕಪ್ ಕಾಣಿಸುತ್ತದೆ, ಆಮೇಲೆ ನಮ್ಮ ಬನ್ನಿಯ ಜಾತಿಯ ಒಂದು ಗಾಫ್ ಮರದ ತಲೆ ಮಾತ್ರ, ಕಾಂಡವೇ ಇಲ್ಲದೆ. ಅದನ್ನೆಲ್ಲ ನೋಡುತ್ತ ನಿಂತರೆ ನಾನು ಕೆಲಸಕ್ಕೆ ಬಂದಿದ್ದೇನೆ ಎಂಬುದೇ ಮರೆತುಹೋಗುತ್ತಿತ್ತು. ಸಂಬಳ ಕೊಡುವವರಿಗೆ ಈ ಗುಣ ಹಿಡಿಸುವುದಿಲ್ಲ.

ಅದು ತೊಂಬತ್ತರ ದಶಕದ ನಡುವಿನ ಒಂದು ಚಳಿಗಾಲ. ನಮ್ಮ ಕಂಪನಿಯ ಆಫೀಸು ದುಬೈಯ ರಾಸ್ ಅಲ್ ಖೋರಿನಲ್ಲಿ, ಗ್ಯಾರೇಜುಗಳ ಹಿಂದಿನ ಒಂದು ತಗಡಿನ ಕ್ಯಾಬಿನ್ನು. ಹೊರಗೆ ದಿನವಿಡೀ ಕಾರುಗಳನ್ನು ಬಡಿಯುವ ಸದ್ದು, ಒಳಗೆ ನಕ್ಷೆಗಳು. ಮಿರ್ದಿಫ್ ಕಡೆ ಹೊಸ ವಿಲ್ಲಾಗಳಿಗೆ ಜಾಗ ವಿಂಗಡಿಸಬೇಕಾಗಿತ್ತು. ಅದಕ್ಕೂ ಮೊದಲು, ಈಗ ಅಲ್ಲಿ ಏನೇನು ಇದೆ ಎಂಬುದರ ನಕ್ಷೆ ಬೇಕು. ಮರ, ಬೇಲಿ, ಬಾವಿ, ದಿಬ್ಬ ಎಲ್ಲವೂ ಅದರಲ್ಲಿ ಬರಬೇಕು. ಅದನ್ನು ಮಾಡುವವನು ನಾನು. ಪ್ಲಾಟು ಹಾಕುವವರು ಮರಳಿಗೆ ಬಂದು ನೋಡುವುದಿಲ್ಲ, ನನ್ನ ಹಾಳೆ ನೋಡುತ್ತಾರೆ. ಹಾಳೆಯಲ್ಲಿ ಇಲ್ಲದ್ದು ನೆಲದ ಮೇಲೂ ಇಲ್ಲ.

ನನ್ನ ಅಪ್ಪ ಊರಿನಲ್ಲಿ ಮೋಜಿಣಿದಾರರಾಗಿದ್ದರು. ಅವರದ್ದೊಂದು ನಿಯಮವಿತ್ತು: ನೆಲದಲ್ಲಿ ಊರಿದ ಕಲ್ಲನ್ನು ಮುಟ್ಟುವ ಮೊದಲು ಅಕ್ಕಪಕ್ಕದ ಇಬ್ಬರನ್ನು ಕರೆದು ಕೇಳಬೇಕು. ಮರಳುಗಾಡಿನಲ್ಲಿ ಅಕ್ಕಪಕ್ಕದವರು ಎಲ್ಲಿಂದ ಬರಬೇಕು ಎಂದು ನಾನು ಆ ನಿಯಮವನ್ನು ವಿಮಾನ ಹತ್ತುವಾಗಲೇ ಬಿಟ್ಟುಬಂದಿದ್ದೆ.

ಎತ್ತರ ಅಳೆಯಲು ಅಲ್ಲಲ್ಲಿ ಅಲುಗಾಡದ ಗುರುತುಗಳು ಬೇಕು. ಅವಕ್ಕೆ ನಾವು ಬೆಂಚ್‌ಮಾರ್ಕ್ ಎನ್ನುತ್ತೇವೆ. ಕಾಂಕ್ರೀಟಿನ ಗೂಟ ಬರಬೇಕಾದ ಲಾರಿ ಬರಲಿಲ್ಲ. ಆರು ಗುರುತು ಆಗಿತ್ತು, ಏಳನೆಯದಕ್ಕೆ ಏನೂ ಇರಲಿಲ್ಲ. ಆಗ ಗಾಫ್ ಮರದಿಂದ ಸ್ವಲ್ಪ ದೂರದಲ್ಲಿ, ಮರಳಿನಿಂದ ಗೇಣುದ್ದ ಮೇಲೆದ್ದ ಒಂದು ಕಲ್ಲು ಸಿಕ್ಕಿತು. ಬೂಟಿನ ಹಿಮ್ಮಡಿಯಿಂದ ಎರಡು ಸಲ ಒದ್ದು ನೋಡಿದೆ. ಅಲುಗಲಿಲ್ಲ. ಶಹಬ್ಬಾಸ್ ಎಂದುಕೊಂಡು ಕೆಂಪು ಬಣ್ಣದಲ್ಲಿ ಒಂದು ತ್ರಿಕೋನ ಬಿಡಿಸಿ, ಕೆಳಗೆ ಏಳು ಎಂದು ಇಂಗ್ಲಿಷ್ ಅಂಕಿ ಬರೆದೆ. ಪಕ್ಕದಲ್ಲೇ ಅಂಥದ್ದೇ ಇನ್ನೊಂದು ಚಿಕ್ಕ ಕಲ್ಲಿತ್ತು. ಅದು ನನಗೆ ಬೇಕಾಗಿರಲಿಲ್ಲ, ಹಾಗಾಗಿ ಅದನ್ನು ಸರಿಯಾಗಿ ನೋಡಲೂ ಇಲ್ಲ.

ಮರುದಿನದಿಂದ ಒಬ್ಬರು ಮುದುಕರು ಬರತೊಡಗಿದರು. ಆ ದೇಶದವರೇ. ಬಿಳಿ ಗಡ್ಡ, ಹಳೆಯ ಲ್ಯಾಂಡ್ ಕ್ರೂಸರ್. ಗಾಫ್ ಮರದ ಕೆಳಗೆ ಚಾಪೆ ಹಾಸಿ, ಫ್ಲಾಸ್ಕು ಇಟ್ಟುಕೊಂಡು ಕೂರುವರು. ನನಗೆ ಸಿಟ್ಟು. ಸಿನಿಮಾ ನೋಡುವವರ ಹಾಗೆ ಬಂದು ಕೂರುತ್ತಾರಲ್ಲ, ಇವರಿಗೆ ಬೇರೆ ಕೆಲಸ ಇಲ್ಲವೇ ಎಂದು. ಮೂರನೆಯ ದಿನ ಅವರೇ ಕೈಬೀಸಿ ಕರೆದರು. ಗಾವಾ ಎನ್ನುವ ಅಲ್ಲಿನ ಏಲಕ್ಕಿ ಕಾಫಿ, ಜೊತೆಗೆ ಖರ್ಜೂರ. ಲೋಟ ಖಾಲಿಯಾದಂತೆ ತುಂಬಿಸುತ್ತಲೇ ಹೋದರು. ಸಾಕು ಎನ್ನಬೇಕಾದರೆ ಲೋಟವನ್ನು ಅಲ್ಲಾಡಿಸಬೇಕು ಎಂಬುದು ನನಗೆ ಗೊತ್ತಿರಲಿಲ್ಲ. ಮರ್ಯಾದೆಗೆ ಏಳು ಲೋಟ ಕುಡಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹಳಬರಲ್ಲವೇ, ಬೊಂಬಾಯಿ ಕಂಡವರು, ಹಿಂದಿ ಚೆನ್ನಾಗಿ ಬರುತ್ತಿತ್ತು.

"ಕಲ್ಲಿನ ಮೇಲೆ ಏನು ಬರೆದೆ?" ಎಂದು ಹಿಂದಿಯಲ್ಲಿ ಕೇಳಿದರು.

"ಸಾತ್, ಬಾಬಾ. ಏಳನೆಯ ನಂಬರು."

ಅವರು ಮರಳಿನ ಮೇಲೆ ಬೆರಳಿನಿಂದ ಬಾಯಿ ಮೇಲಾಗಿ ತೆರೆದ ಎರಡು ಗೆರೆ ಎಳೆದರು. ಅರಬ್ಬಿಯ ಏಳು. "ನಮ್ಮದು ಹೀಗೆ," ಎಂದು ಹೇಳಿ, ಅಂಗೈಯಿಂದ ಅದನ್ನು ನಿಧಾನವಾಗಿ ಸವರಿ ಅಳಿಸಿದರು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟರು. ಯಾಕೆಂದು ತಿಳಿಯಲಿಲ್ಲ. ಪರದೇಶದಲ್ಲಿ ತಲೆ ಮುಟ್ಟುವವರು ಯಾರಿರುತ್ತಾರೆ? ಆ ದಿನವೆಲ್ಲ ಖುಷಿಯಲ್ಲಿದ್ದೆ.

ಹೀಗೆ ಮೂರು ವಾರ ನಡೆಯಿತು. ಮಂಜು, ಕಾಫಿ, ಅಳತೆ. ಆ ಬೆಳಗುಗಳು ಈಗಲೂ ನನ್ನ ಕನಸಿನಲ್ಲಿ ಬರುತ್ತವೆ. ಕನಸಿನಲ್ಲಿ ನಾನು ದುರ್ಬೀನಿನಲ್ಲಿ ಕಣ್ಣಿಟ್ಟು ನೋಡುತ್ತಿರುತ್ತೇನೆ, ಎಷ್ಟು ತಿರುಗಿಸಿದರೂ ಏನೂ ಸ್ಪಷ್ಟವಾಗುವುದಿಲ್ಲ, ಆದರೆ ಏಲಕ್ಕಿಯ ವಾಸನೆ ಮಾತ್ರ ಬರುತ್ತಿರುತ್ತದೆ.

ಅಳತೆಗೋಲು ಹಿಡಿಯುವ ನನ್ನ ಜೊತೆಗಾರರು ಉಳ್ಳಾಲದ ಕಡೆಯ ಬ್ಯಾರಿ ಮುಸ್ಲಿಮರು. ನನಗಿಂತ ಹಿರಿಯರು, ಕಾಕ ಎಂದೇ ಕರೆಯುತ್ತಿದ್ದೆ. ಮಗಳ ಮದುವೆಗೆಂದು ಊರಿಗೆ ಹೋಗಿದ್ದವರು ಆಗಷ್ಟೇ ವಾಪಸಾದರು. ಅಲ್ಲಿಯವರೆಗೆ ಬದಲಿ ಹುಡುಗನೊಬ್ಬ ಗೋಲು ಹಿಡಿದಿದ್ದ. ಹಾಳೆ ಕೊಡಲು ಇನ್ನು ನಾಲ್ಕೇ ದಿನ ಉಳಿದಿತ್ತು. ಮದುವೆಯ ಊಟದ ವರ್ಣನೆ ಮಾಡುತ್ತ ಗೋಲು ಹೊತ್ತುಕೊಂಡು ಏಳನೆಯ ಕಲ್ಲಿನ ಕಡೆ ಹೋದವರು ಅಲ್ಲೇ ನಿಂತುಬಿಟ್ಟರು. ಗೋಲನ್ನು ಕಲ್ಲಿನ ಮೇಲೆ ಇಡಲಿಲ್ಲ. ಮರಳಿನ ಮೇಲೆ ಮಲಗಿಸಿದರು. ತುಟಿ ಅಲುಗುತ್ತಿತ್ತು. ನಾನು ಓಡಿಹೋದೆ.

"ಸರ್ವೆಯರ್ರೆ, ಇದರ ಮೇಲೆ ಬರ್ದದ್ದು ಯಾರು?"

"ನಾನೇ. ಎಂತಾಯ್ತು ಕಾಕ?"

"ಇದು ಮೀಸಾನ್ ಕಲ್ಲು ಮಾರಾಯ್ರೆ, ಗೋರಿದು. ಇದು ತಲೆದು, ಅದು ಕಾಲಿಂದು. ಕೆಳಗೆ ಜನ ಉಂಟು."

ನನ್ನ ಬೂಟಿನ ಹಿಮ್ಮಡಿ ಬೆಂಕಿ ತಗುಲಿದ ಹಾಗೆ ಸುಟ್ಟಿತು. ಎರಡು ಕಲ್ಲು, ನಡುವೆ ಅಷ್ಟೇ ಅಷ್ಟು ಜಾಗ. ಕಾಕ ಗಾಫ್ ಮರದ ಕಡೆ ನೋಡಿದರು, ನಾನೂ ನೋಡಿದೆ. ಮುದುಕರು ನಮಗಾಗಿ ಲೋಟ ತೊಳೆಯುತ್ತಿದ್ದರು.

ಕಾಕನೇ ಹೋಗಿ ಸಲಾಂ ಹೇಳಿ ಕೇಳಿದರು. ಮುದುಕರು ಏನನ್ನೂ ಮುಚ್ಚಿಡಲಿಲ್ಲ. ಅವರ ಮಗಳು. ಊರು, ರಸ್ತೆ ಒಂದೂ ಇಲ್ಲದ ಕಾಲ. ಒಂಟೆಗಳ ಜೊತೆ ಚಳಿಗಾಲದಲ್ಲಿ ಇಲ್ಲಿ ಬಿಡಾರ ಹೂಡುತ್ತಿದ್ದರಂತೆ. ಎರಡು ದಿನದ ಜ್ವರ. ಮಗುವಿಗೆ ಮೂರು ವರ್ಷ ತುಂಬಿರಲಿಲ್ಲ. ಇಲ್ಲೇ ಮಣ್ಣು ಮಾಡಿ ಮುಂದೆ ಹೋದರು. ಆಮೇಲೆ ಸರ್ಕಾರ ಪೇಟೆಯಲ್ಲಿ ಮನೆ ಕೊಟ್ಟಿತು, ಇನ್ನೂ ಮಕ್ಕಳಾದರು, ಮೊಮ್ಮಕ್ಕಳಾದರು. ಈ ಜಾಗಕ್ಕೆ ಕಾಗದವಿಲ್ಲ, ಸಾಕ್ಷಿಯೂ ಇಲ್ಲ. ಆ ದಿನ ಜೊತೆಗಿದ್ದವರು ಯಾರೂ ಉಳಿದಿಲ್ಲ. ಬುಲ್ಡೋಜರ್ ಯಾವಾಗ ಬರುತ್ತದೋ ಎಂದು ವರ್ಷಗಟ್ಟಲೆ ನಿದ್ದೆಗೆಟ್ಟಿದ್ದರಂತೆ.

"ಆಮೇಲೆ ಇವನು ಬಂದ," ಎಂದು ನನ್ನನ್ನು ತೋರಿಸಿದರು. "ಸರ್ಕಾರದ ನಂಬರು ಹಾಕಿದ. ಅಬ್ ಕೋಯಿ ಹಾಥ್ ನಹೀಂ ಲಗಾಯೇಗಾ. ಇನ್ನು ಯಾರೂ ಮುಟ್ಟುವುದಿಲ್ಲ."

ಮೂರು ವಾರ ನಾನು ಕುಡಿದ ಕಾಫಿ ಯಾವುದಕ್ಕೆಂದು ಆಗ ತಿಳಿಯಿತು. ಆ ನಂಬರಿಗೆ ಯಾವ ಬೆಲೆಯೂ ಇಲ್ಲ, ಅದು ಎತ್ತರ ಅಳೆಯಲು ಹಾಕಿದ ಗುರುತು, ಕೆಲಸ ಮುಗಿದ ಮೇಲೆ ಕಲ್ಲಿನ ಸಮೇತ ಕಿತ್ತೆಸೆಯುತ್ತಾರೆ ಎಂದು ಹೇಳಬೇಕಾಗಿತ್ತು. ಹೇಳಲಿಲ್ಲ. ಲೋಟ ಅಲ್ಲಾಡಿಸಿ ಎದ್ದುಬಂದೆ. ಹೇಡಿತನವನ್ನು ಹೇಡಿತನ ಎಂದೇ ಹೇಳಬೇಕು.

ಆಫೀಸಿಗೆ ಹೋಗಿ ಹಾಳೆ ಬಿಡಿಸಿ ನೋಡಿದೆ. ಎರಡು ಪ್ಲಾಟುಗಳ ನಡುವಿನ ರಸ್ತೆಯನ್ನು ಯಾರೋ ಆಗಲೇ ಪೆನ್ಸಿಲಿನಲ್ಲಿ ಗೀಚಿದ್ದರು. ಅದು ನೇರವಾಗಿ ಏಳನೆಯ ಕಲ್ಲಿನ ಮೇಲೆಯೇ ಹೋಗುತ್ತಿತ್ತು. ನಮ್ಮ ಮುಖ್ಯ ಸರ್ವೆಯರು ಸುಡಾನಿನವರು, ಆರಡಿ ಎತ್ತರ, ಮಾತು ಕಡಿಮೆ, ಸಿಟ್ಟು ಮೂಗಿನ ತುದಿಯಲ್ಲಿ. ಅವರ ಮುಂದೆ ನಿಂತು ಎಲ್ಲ ಹೇಳಿದೆ. ನಾನೇ ತಪ್ಪು ಗುರುತು ಹಾಕಿದೆ ಎಂಬುದನ್ನೂ ಸೇರಿಸಿ.

"ಮರಳಿನ ನಡುವೆ ಒಂಟಿ ಸಮಾಧಿಯೇ? ಯಾರು ಹೇಳಿದ್ದು? ಕಾಗದ?"

"ಮಾಫಿ," ಎಂದೆ. ಇಲ್ಲ.

"ಹಾಗಾದರೆ ಖಲಾಸ್. ಕಲ್ಲು ಅಂದರೆ ಕಲ್ಲು. ನನಗೆ ಕತೆ ಬೇಡ, ಅಳತೆ ಕೊಡು."

ವೀಸಾ ಅವರ ಕೈಯಲ್ಲಿ, ಪಾಸ್‌ಪೋರ್ಟು ಅವರ ಬೀರುವಿನಲ್ಲಿ. ಬಾಯಿ ಮುಚ್ಚಿಕೊಂಡು ಹೊರಗೆ ಬಂದೆ. ಕಾಕ ಪಿಕಪ್ಪಿನಲ್ಲಿ ಕೂತಿದ್ದರು. ಒಳಗೆ ನಡೆದದ್ದನ್ನೆಲ್ಲ ಅವರಿಗೆ ಹೇಳಿದೆ.

"ಅಳತೆ ಕೊಡು ಹೇಳಿದ್ರಲ್ಲ," ಎಂದರು ಕೊನೆಗೆ. "ಕೊಟ್ರಾಯ್ತು. ನಮ್ಮಲ್ಲಿ ಹೂಳುವಾಗ ಸುಮ್ನೆ ಎಲ್ಲಿಗಾದ್ರೂ ತಿರುಗಿಸಿ ಇಡ್ಲಿಕ್ಕೆ ಇಲ್ಲ. ಬಲ ಮಗ್ಗುಲಿಗೆ ಮಲಗ್ಸಿ, ಮುಖ ಮೆಕ್ಕಾ ಕಡೆಗೆ ಬರ್ಬೇಕು. ನಿಮ್ಮ ಮಿಶಿನಲ್ಲಿ ಅದು ಸಿಗ್ಲಿಕ್ಕಿಲ್ವಾ?"

ನನ್ನ ಅಷ್ಟು ವರ್ಷದ ವಿದ್ಯೆಗೆ ಹೊಳೆಯದ್ದು ಕಾಕನಿಗೆ ಹೊಳೆದಿತ್ತು. ಮರುದಿನ ಬೆಳಗ್ಗೆ ಬೂಟು ಕಳಚಿಟ್ಟು, ಬರಿಗಾಲಿನಲ್ಲಿ ತಲೆಗಲ್ಲಿನ ನೇರಕ್ಕೆ ಉಪಕರಣ ನಿಲ್ಲಿಸಿದೆ. ಮಂಜು ಪೂರ್ತಿ ಹರಿದಿರಲಿಲ್ಲ. ಕಾಕ ಕಾಲುಗಲ್ಲಿನ ಬಳಿ ಗುರಿಗೆಂದು ಗಾಜಿನ ಪ್ರಿಸಂ ಹಿಡಿದು ಕೂತರು, ಮಂಜಿನಲ್ಲಿ ಅವರ ಬಿಳಿ ಟೊಪ್ಪಿ ಮಾತ್ರ ಕಾಣುತ್ತಿತ್ತು. ಆ ಎರಡು ಕಲ್ಲುಗಳ ಗೆರೆಯ ದಿಕ್ಕು ಎಷ್ಟು ಡಿಗ್ರಿ ಎಂದು ಬರೆದುಕೊಂಡೆ. ಅದಕ್ಕೆ ಮೂಲೆಮಟ್ಟ ಹಿಡಿದ ಹಾಗೆ ಅಡ್ಡಲಾಗಿ ಇನ್ನೊಂದು ದಿಕ್ಕು ತೆಗೆದೆ. ಎರಡು ಕಲ್ಲುಗಳ ನಡುವಿನ ದೂರವನ್ನೂ ತೆಗೆದೆ. ಒಂದು ಮೀಟರಿಗೆ ಆರು ಸೆಂಟಿಮೀಟರ್ ಕಡಿಮೆ ಬಂತು. ಲಕ್ಷಗಟ್ಟಲೆ ಅಳತೆ ತೆಗೆದ ಕೈ ಇದು. ಅವತ್ತು ಆ ಒಂದು ದೂರವನ್ನು ಮೂರು ಸಲ ಅಳೆಯಿತು.

ಅವತ್ತು ಸಂಜೆ ಫೋನ್ ಬೂತಿಗೆ ಹೋಗಿ ಊರಿಗೆ ಕರೆ ಮಾಡಿದೆ. ಮೂರು ತುಂಬದ ನಮ್ಮ ಮಗಳನ್ನು ಬಾಗಿಲ ದಾರಂದಕ್ಕೆ ಒರಗಿಸಿ ನಿಲ್ಲಿಸಿ ಎತ್ತರ ಹೇಳು ಎಂದು ಹೆಂಡತಿಗೆ ಹೇಳಿದೆ. "ನಿಮ್ಗೆ ಸರ್ವೆ ಹುಚ್ಚು ಹಿಡಿದಿದೆ," ಎಂದು ಅವಳು ನಕ್ಕಳು. ನಕ್ಕರೂ ಟೇಪು ತಂದು ಅಳೆದು ಹೇಳಿದಳು. ತೊಂಬತ್ತು ಸೆಂಟಿಮೀಟರಿಗೆ ಒಂದು ಕಡಿಮೆ. ನಾನು ಅದನ್ನು ಜೇಬಿನ ಪುಸ್ತಕದಲ್ಲಿ ಬೆಳಗಿನ ಅಂಕಿಯ ಪಕ್ಕದಲ್ಲಿ ಬರೆಯತೊಡಗಿದೆ. ಲೈನು ಹೋಯಿತೆಂದು ಅವಳು ಫೋನಿಟ್ಟಳು.

ಮರುದಿನ ಮುಖ್ಯಸ್ಥರ ಮೇಜಿನ ಮೇಲೆ ಒಂದು ಚೀಟಿ ಇಟ್ಟೆ. ಅದರಲ್ಲಿ ಎರಡೇ ಅಂಕಿ: ಅಡ್ಡ ದಿಕ್ಕಿನ ಡಿಗ್ರಿ, ಕೆಳಗೆ ಆ ದೂರ. ನಮ್ಮ ಕಂಪನಿ ಎಷ್ಟೋ ಮಸೀದಿಗಳಿಗೆ ಗುರುತು ಹಾಕಿತ್ತು. ಪ್ರಾರ್ಥನೆಯ ಗೋಡೆ ಯಾವ ದಿಕ್ಕಿಗೆ ಇರಬೇಕೆಂದು ಲೆಕ್ಕ ಹಾಕುವವರು ಅವರೇ. ದುಬೈಗೆ ಆ ಡಿಗ್ರಿ ಅವರಿಗೆ ಬಾಯಿಪಾಠ.

ಅವರು ಚೀಟಿಯ ಮೇಲಿನ ಸಾಲು ನೋಡಿದರು. "ಯಾವ ಮಸೀದಿ ಇದು?" ಎಂದರು.

"ಮಸೀದಿ ಅಲ್ಲ ಸರ್. ಏಳನೆಯ ಕಲ್ಲು."

ಅವರ ಕಣ್ಣು ಕೆಳಗಿನ ಅಂಕಿಗೆ ಇಳಿಯಿತು. ಅಲ್ಲೇ ನಿಂತಿತು. ಹೊರಗೆ ಗ್ಯಾರೇಜಿನಲ್ಲಿ ಯಾರೋ ತಗಡು ಬಡಿಯುತ್ತಲೇ ಇದ್ದರು. ಅವರು ಹಾಳೆ ಎಳೆದುಕೊಂಡು, ನನ್ನ ಏಳನೆಯ ಗುರುತನ್ನು ಬ್ಲೇಡಿನಿಂದ ಕೆರೆದು, ತಮ್ಮ ಕೈಯಿಂದಲೇ ಅರಬ್ಬಿಯಲ್ಲಿ ಖಬರ್ ಎಂದು ಬರೆದರು. ಸಮಾಧಿ ಎಂದರ್ಥ. "ನಾನು ಬರೆದಿದ್ದೇನೆ. ಮೇಲಿನವರು ಏನು ಮಾಡುತ್ತಾರೋ ಗೊತ್ತಿಲ್ಲ. ಯಲ್ಲಾ, ಹೋಗು," ಎಂದರು. ನನ್ನ ಕಡೆ ನೋಡಲಿಲ್ಲ.

ಕೊನೆಯ ದಿನ ಥಿನ್ನರಿನ ಡಬ್ಬಿ, ಬಟ್ಟೆ ಹಿಡಿದುಕೊಂಡು ಹೋದೆ. ಮುದುಕರ ಎದುರು ಕೂತು ನಿಜ ಹೇಳಿದೆ. ಬಾಬಾ, ಈ ನಂಬರು ಕಾವಲಿಗೆ ಹಾಕಿದ್ದಲ್ಲ, ತಿಳಿಯದೆ ಮಾಡಿದ ತಪ್ಪು. ಈಗ ಕಾಗದದಲ್ಲಿ ಸರಿಯಾಗಿ ಬರೆದಿದ್ದೇವೆ, ಆದರೆ ಕೈಯಲ್ಲಿ ಹಿಡಿದು ಹೇಳುವಂಥದ್ದು ಏನೂ ಇಲ್ಲ. ಇದನ್ನು ಒರೆಸಿಬಿಡುತ್ತೇನೆ, ಕ್ಷಮಿಸಿ. ಅವರ ಮುಖ ಬಾಡಿದ್ದನ್ನು ನೋಡಲಾಗಲಿಲ್ಲ.

"ಹಾಗಾದರೆ ಈ ಗುರುತು ಏನು ಹೇಳುತ್ತದೆ?" ಎಂದು ಕೇಳಿದರು.

"ಸಮುದ್ರಕ್ಕಿಂತ ಈ ಕಲ್ಲು ಎಷ್ಟು ಎತ್ತರದಲ್ಲಿದೆ ಎಂದು."

"ಎತ್ತರದಲ್ಲಿದ್ದಾಳೆಯೇ?"

"ಇದ್ದಾಳೆ ಬಾಬಾ."

ಅವರು ಥಿನ್ನರ್ ಹಿಡಿದಿದ್ದ ನನ್ನ ಕೈಯನ್ನು ಹಿಡಿದುಕೊಂಡರು. "ರಹನೇ ದೋ," ಎಂದರು. ಬಿಟ್ಟುಬಿಡು. ಗೋರಿಯ ಕಲ್ಲಿನ ಮೇಲೆ ಬರೆಯುವುದು ಸರಿಯಲ್ಲ ಎಂದು ಕಾಕ ಮೆಲ್ಲಗೆ ಹೇಳಿ ನೋಡಿದರು. ಮುದುಕರು ಹೌದೆಂದು ತಲೆಯಾಡಿಸಿದರು; ಕೈ ಬಿಡಲಿಲ್ಲ.

ಆ ವರ್ಷವೇ ನಾನು ಬೇರೆ ಕೆಲಸ ಸಿಕ್ಕಿ ಅಬುಧಾಬಿಗೆ ಹೋದೆ. ಖಾಲಿದಿಯಾದಲ್ಲಿ ಮನೆ, ಹೆಂಡತಿ ಮಗಳು ಬಂದರು, ಮರಳು ಬಿಟ್ಟು ಕುರ್ಚಿಯ ಕೆಲಸವಾಯಿತು. ಕಾಕ ಊರು ಸೇರಿದರು. ಏಳನೆಯ ಕಲ್ಲು ಏನಾಯಿತೆಂದು ಕೇಳಲು ಧೈರ್ಯ ಬರಲಿಲ್ಲ. ಮಿರ್ದಿಫ್ ಬೆಳೆದಿದೆ, ಎಲ್ಲ ವಿಲ್ಲಾಗಳಾಗಿವೆ ಎಂದು ಯಾರಾದರೂ ಹೇಳಿದರೆ ಮಾತು ತಿರುಗಿಸುತ್ತಿದ್ದೆ.

ಹತ್ತು ವರ್ಷದ ಮೇಲೆ, ಮೈಸೂರಿನ ಕಡೆಯ ಕಂಪ್ಯೂಟರ್ ಇಂಜಿನಿಯರೊಬ್ಬರು ಮಿರ್ದಿಫ್‌ನ ಹೊಸ ಮನೆಗೆ ಊಟಕ್ಕೆ ಕರೆದರು. ನಿಜ ಹೇಳಬೇಕೆಂದರೆ ಹೋಗದಿರಲು ನೆವ ಹುಡುಕಿದ್ದೆ. ಬೀದಿಗಳೆಲ್ಲ ಒಂದೇ ಥರ, ಏನೂ ಗುರುತು ಸಿಗಲಿಲ್ಲ. ಊಟ ಮುಗಿಸಿ ಬಾಲ್ಕನಿಯಲ್ಲಿ ನಿಂತಿದ್ದಾಗ, ಕೆಳಗೆ ನೇರ ಬರುತ್ತಿದ್ದ ರಸ್ತೆ ಕಾರಣವಿಲ್ಲದೆ ಸ್ವಲ್ಪ ಸರಿದು ಹೋದದ್ದು ಕಂಡಿತು. ಆ ತಿರುವಿನಲ್ಲಿ ಒಂದು ಗಾಫ್ ಮರ.

"ಅದೊಂದು ಜಾಗ ಯಾಕೋ ಯಾರಿಗೂ ಕೊಟ್ಟೇ ಇಲ್ಲ ಸಾರ್," ಎಂದರು ಅವರು. ನಾನು ಆಗಲೇ ಮೆಟ್ಟಿಲಿಳಿಯುತ್ತಿದ್ದೆ. "ಅಂಕಲ್, ದೇರ್ಸ್ ನಥಿಂಗ್ ದೇರ್," ಎಂದು ಅವರ ಪುಟ್ಟ ಮಗಳು ಹಿಂದಿನಿಂದ ಕೂಗಿ ಹೇಳಿದಳು.

ಮೊಣಕಾಲೆತ್ತರದ ಒಂದು ಗೋಡೆ. ಒಳಗೆ ಗುಡಿಸಿದ ಮರಳು, ಎರಡು ಕಲ್ಲು. ಚಪ್ಪಲಿ ಬಿಟ್ಟು ಒಳಗೆ ಹೋಗಿ ಕುಕ್ಕರಗಾಲಿನಲ್ಲಿ ಕೂತೆ. ಹತ್ತು ವರ್ಷದ ಬಿಸಿಲಿಗೆ ನನ್ನ ಬಣ್ಣ ಎಂದೋ ಹಾರಿಹೋಗಿರಬೇಕಿತ್ತು. ಆದರೆ ತ್ರಿಕೋನ ಕೆಂಪಗೆ ಹೊಳೆಯುತ್ತಿತ್ತು. ಯಾರೋ ಇತ್ತೀಚೆಗಷ್ಟೇ ಮತ್ತೆ ಬಳಿದಿದ್ದರು, ಗೆರೆಗಳು ನಡುಗಿದ್ದವು. ಅದರ ಕೆಳಗೆ ನಾನು ಬರೆದ ಏಳು ಇರಲಿಲ್ಲ. ಬಾಯಿ ಮೇಲಾಗಿ ತೆರೆದ ಎರಡು ಗೆರೆ ಇದ್ದವು.