ಹಿಂದಕ್ಕೆ ಹೋಗದ ಲಾರಿ

ಟೋರಿಂಗ್ ಊರಿನಿಂದ ಯಾರು ಮನೆ ಖಾಲಿ ಮಾಡಿ ಹೊರಟರೂ ಅವರ ಸಾಮಾನನ್ನು ಬಾಡಿಗೆ ಲಾರಿಗೆ ಜೋಡಿಸುತ್ತಿದ್ದವನು ಆರ್ಲಿನ್ ಹೋವ್ಡೆ. ಕರೆಯಬೇಕಾಗಿರಲಿಲ್ಲ. ಮನೆ ಮುಂದೆ ಲಾರಿ ಬಂದು ನಿಂತಿತೆಂದರೆ ಕೈಗವಸನ್ನು ಜೇಬಿಗೆ ತುರುಕಿಕೊಂಡು ಹಾಜರಾಗುತ್ತಿದ್ದ. ಫ್ರಿಜ್ಜು, ಸೋಫಾ, ಅಜ್ಜಿಯ ಕಾಲದ ಗಾಜಿನ ಬೀರು, ಎಲ್ಲವನ್ನೂ ಎಷ್ಟು ಅಚ್ಚುಕಟ್ಟಾಗಿ ಕೂರಿಸುತ್ತಿದ್ದನೆಂದರೆ ದಾರಿಯಲ್ಲಿ ಒಂದು ಚಮಚವೂ ಸದ್ದು ಮಾಡುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ಮನೆಯವರು ಪಿಜ್ಜಾ ತರಿಸುವುದು ರೂಢಿ. ಮಿನ್ನೆಸೋಟಾದ ನಮ್ಮ ಕಡೆ ಯಾರು ಏನು ಕೊಟ್ಟರೂ ಎರಡು ಸಲ ಬೇಡವೆಂದು ಮೂರನೆಯ ಸಲಕ್ಕೆ ತೆಗೆದುಕೊಳ್ಳುವುದು ಮರ್ಯಾದೆ. ಆರ್ಲಿನ್ ಮೂರನೆಯ ಸಲವೂ ಬೇಡವೆಂದು ಮನೆಯ ದಾರಿ ಹಿಡಿಯುವ ಆಸಾಮಿ. ಕೊಡುವುದಕ್ಕೆ ಧಾರಾಳ ಕೈ, ತೆಗೆದುಕೊಳ್ಳುವುದಕ್ಕೆ ಮಾತ್ರ ಮುಷ್ಟಿ ಬಿಗಿ. ಇದೂ ಒಂದು ಬಗೆಯ ಜಂಬವೇ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಈಗ ಅವನದೇ ಸರದಿ ಬಂದಿತ್ತು. ಹೆಂಡತಿ ಮಾರ್ಡೆಲ್‌ಳ ಶ್ವಾಸಕೋಶಕ್ಕೆ ಇಲ್ಲಿಯ ಇನ್ನೊಂದು ಚಳಿಗಾಲ ತಡೆಯುವ ಶಕ್ತಿಯಿಲ್ಲ, ಒಣ ಹವೆಯ ಕಡೆ ಹೋಗಿಬಿಡಿ ಎಂದು ಡಾಕ್ಟರು ಹೇಳಿದ್ದರು. ಅರಿಜೋನಾದಲ್ಲಿ ಅವಳ ತಂಗಿಯಿದ್ದಳು. ಮನೆ ಮಾರಿದ್ದಾಯಿತು. ಹಿಮ ಬೀಳುವ ಮೊದಲೇ, ಅಕ್ಟೋಬರಿನಲ್ಲಿ ಹೊರಡುವುದೆಂದಾಯಿತು.

ಆರ್ಲಿನ್ ಗ್ಯಾರೇಜಿನ ನೆಲದ ಮೇಲೆ ಸೀಮೆಸುಣ್ಣದಿಂದ ಲಾರಿಯ ಉದ್ದಗಲ ಬರೆದ. ಗೆರೆಯೊಳಗೆ ಹಿಡಿಸಿದ್ದು ಅರಿಜೋನಾಗೆ, ಹಿಡಿಸದ್ದು ಕಂಡವರಿಗೆ. ಲಾರಿಯ ಹಿಂದೆ ಅವರ ಕಾರು. ಅದರ ಮುಂದಿನ ಚಕ್ರಗಳನ್ನು ಪುಟ್ಟ ಗಾಡಿಯೊಂದರ ಮೇಲೆ ಹತ್ತಿಸಿ ಬಿಗಿದರೆ ಹಿಂದಿನವು ನೆಲದ ಮೇಲೆ ಉರುಳಿಕೊಂಡು ಬರುತ್ತವೆ. ಆದರೆ ಹೀಗೆ ಕಾರು ಕಟ್ಟಿದ ಲಾರಿಯನ್ನು ಹಿಂದಕ್ಕೆ ಬಿಡುವಂತಿಲ್ಲ. ಬಿಟ್ಟರೆ ಕಾರು ಅಡ್ಡ ತಿರುಗಿ ಲಾರಿಗೇ ಗುದ್ದುತ್ತದೆ. ಆದ್ದರಿಂದ ದಾರಿಯುದ್ದಕ್ಕೂ ಎಲ್ಲೂ ಹಿಂದಕ್ಕೆ ಬರುವ ಪ್ರಮೇಯವೇ ಬಾರದಂತೆ ಅವನು ಯೋಜನೆ ಹಾಕತೊಡಗಿದ. ತಂಗುವ ಮೋಟೆಲುಗಳಿಗೆಲ್ಲ ಫೋನು.

“ನಿಮ್ಮ ಅಂಗಳಕ್ಕೆ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೊರಗೆ ಹೋಗಬಹುದಾ?”

“ಹಾಸಿಗೆ ಒಂದು ಸಾಕಾ, ಎರಡು ಬೇಕಾ ಸರ್?”

“ಹಾಸಿಗೆ ಹಾಳಾಗ್ಲಿ, ಗೇಟು ಎಷ್ಟಿವೆ ಹೇಳಿ.”

ಕೇಳುತ್ತ ಕೂತ ಮಾರ್ಡೆಲ್‌ಗೆ ನಗು ಬಂತು, ನಗುವಿನ ಬೆನ್ನಿಗೇ ಕೆಮ್ಮು.

ಒಂದು ಸಂಜೆ ಅವಳು ಸೀಮೆಸುಣ್ಣದ ಲಾರಿಯ ಮುಂದುಗಡೆ ಎರಡು ಕುರ್ಚಿ ಹಾಕಿ ಕಾಫಿ ತಂದಳು. ಇಬ್ಬರೂ ಕೂತರು.

“ಡ್ರೈವರ್ ಸಾಹೇಬ್ರೇ, ಎಲ್ಲಿಗೆ ಬಂದ್ವಿ?”

“ನೆಬ್ರಾಸ್ಕಾ.”

“ಪರವಾಗಿಲ್ವೇ, ಕಾಫಿ ಆರೋದ್ರೊಳಗೆ ಬಂದ್ಬಿಟ್ವಿ.” ಒಂದು ಗುಟುಕು ಕುಡಿದಳು. “ಆರ್ಲಿನ್, ಮೊದಲು ಕೋರಿ ಹತ್ರ ಹೋಗ್ಬೇಕು.”

“ಹಿಂದಿನ ದಿನ ಕಾರಲ್ಲಿ ಹೋಗಿಬರೋಣ ಅಂದಿದ್ನಲ್ಲ.”

“ಕಾರಲ್ಲಲ್ಲ. ಲಾರೀಲಿ.”

ಕೋರಿ ಅವರ ಒಬ್ಬನೇ ಮಗ. ಏಳನೆಯ ವಯಸ್ಸಿಗೆ ಮಿದುಳು ಜ್ವರ ಬಂದು ತೀರಿಹೋದ. ಅವನಿಗೆ ಲಾರಿಯೆಂದರೆ ಜೀವ. ಹೆದ್ದಾರಿಯ ಪಕ್ಕದ ಬೇಲಿ ಹತ್ತಿ ಕೂತು, ಹೋಗುವ ಲಾರಿಗಳಿಗೆಲ್ಲ ಮುಷ್ಟಿಯೆತ್ತಿ ಹಗ್ಗ ಜಗ್ಗಿದಂತೆ ಜಗ್ಗುತ್ತಿದ್ದ. ದೊಡ್ಡ ಲಾರಿಗಳ ಹಾರ್ನಿಗೆ ಹಗ್ಗವಿರುತ್ತದೆ; ಹಾರ್ನ್ ಹೊಡಿ ಎಂದು ಕೇಳುವ ರೀತಿ ಅದು, ಈ ದೇಶದ ಮಕ್ಕಳೆಲ್ಲ ಬಲ್ಲರು. ಯಾವನಾದರೂ ಡ್ರೈವರು ಭೋಂ ಎನ್ನಿಸಿದರೆ ಹುಡುಗನಿಗೆ ಆ ದಿನ ಊಟವೂ ಬೇಡ.

“ನಮ್ಮನೆಗೆ ಯಾವತ್ತು ಲಾರಿ ಬರುತ್ತೆ ಅಂತ ಪ್ರಾಣ ತಿಂತಿದ್ದ,” ಎಂದಳು ಮಾರ್ಡೆಲ್. “ಈಗ ಬರ್ತಿದೆ. ಅವನಿಗೆ ತೋರಿಸ್ದೆ ಹೋಗೋದಾ? ಒಂದು ಸಲ ಅಲ್ಲಿ ಹಾರ್ನ್ ಹೊಡೆದು ಹೋಗೋಣ.”

“ಸ್ಮಶಾನದ ದಾರಿ ಅಲ್ಲಿಗೇ ಮುಗಿಯುತ್ತೆ ಕಣೇ. ಒಳಗೆ ಹೋದ ಲಾರಿ ವಾಪಸ್ ಬರೋ ಹಾಗಿಲ್ಲ.”

“ಕಾರು ಕಟ್ಟೋಕೆ ಮುಂಚೆ ಹೋಗೋಣ.”

“ಕಾರಿಲ್ಲದಿದ್ರೂ ಅಷ್ಟೇ. ತಿರುಗಿಸೋಕೆ ಜಾಗ ಇಲ್ಲ. ಆ ಇಕ್ಕಟ್ಟಲ್ಲಿ ಅಷ್ಟುದ್ದ ಹಿಂದಕ್ಕೆ ಬಿಡೋಕೆ ನನ್ನ ಕುತ್ತಿಗೆ ಎಲ್ಲಿ ತಿರುಗುತ್ತೆ?”

ಮಾರ್ಡೆಲ್ ಕಪ್ಪನ್ನು ನೆಲದ ಮೇಲಿಟ್ಟಳು. “ಹಾಗಾದ್ರೆ ನೀನು ಹೋಗು. ನಾನು ಇಲ್ಲೇ ಇರ್ತೀನಿ. ಅವನ ಪಕ್ಕ ನಂಗೆ ಜಾಗ ಇದೆ.”

ಹಟದ ಹೆಂಗಸಲ್ಲ ಅವಳು. ಅದಕ್ಕೇ ಆರ್ಲಿನ್ ಆ ಮಾತನ್ನು ತಳ್ಳಿಹಾಕುವಂತಿರಲಿಲ್ಲ.

ಮರುದಿನ ಒಬ್ಬನೇ ಸ್ಮಶಾನಕ್ಕೆ ಹೋಗಿ ದಾರಿ ಮುಗಿಯುವಲ್ಲಿ ನಿಂತ. ಕೋರಿಯ ಕಲ್ಲಿನಿಂದ ನಾಲ್ಕು ಹೆಜ್ಜೆಗೆ ತಂತಿ ಬೇಲಿ. ಬೇಲಿಯಾಚೆ ಗೇಲನ್ ಬ್ರಾಂಟ್‌ನ ಸೋಯಾ ಹೊಲ. ಹೊಲ ದಾಟಿದರೆ ಅರಿಜೋನಾದ ಕಡೆಗೇ ಹೋಗುವ ರಸ್ತೆ. ಬೇಲಿ ಬಿಚ್ಚಿದರೆ, ಬೆಳೆ ಕೊಯ್ದಿದ್ದರೆ, ಲಾರಿ ಮುಂದಕ್ಕೇ ಹೋಗಿಬಿಡಬಹುದು. ದಾರಿ ಕಣ್ಣೆದುರೇ ಇತ್ತು. ಆದರೆ ಅದಕ್ಕೆ ಗೇಲನ್‌ನನ್ನು ಕೇಳಬೇಕು. ಕೇಳುವುದೆಂದರೆ ಆರ್ಲಿನ್‌ಗೆ ಹಲ್ಲು ಕೀಳಿಸಿಕೊಂಡ ಹಾಗೆ.

ಗೇಲನ್ ತನ್ನ ಶೆಡ್ಡಿನಲ್ಲಿ ಕೊಯ್ಲಿನ ಯಂತ್ರಕ್ಕೆ ಎಣ್ಣೆ ಹಾಕುತ್ತಿದ್ದ.

“ಮಳೆ ಬರೋ ಹಾಗಿಲ್ಲ,” ಎಂದ ಆರ್ಲಿನ್.

“ಬರೋ ಹಾಗಿಲ್ಲ.”

“ಸೋಯಾ ಚೆನ್ನಾಗಿ ಒಣಗಿದೆ.”

“ಒಣಗಿದೆ. ಸಾಮಾನು ತುಂಬೋಕೆ ನಾನು ಬರ್ಲಾ?”

“ಬೇಡ.”

“ಅಳಿಯನ್ನೂ ಕರ್ಕೊಂಡು ಬರ್ತೀನಿ.”

“ಬೇಡ ಬೇಡ.”

“ಏನಾದ್ರೂ ಬೇಕಾದ್ರೆ ಹೇಳು ಮತ್ತೆ.”

“ಏನೂ ಬೇಡಪ್ಪ,” ಎಂದು ಆರ್ಲಿನ್ ಕಾರಿನವರೆಗೂ ನಡೆದ. ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ನಿಂತ. ಮಾರ್ಡೆಲ್ ನೆಲದ ಮೇಲಿಟ್ಟ ಕಪ್ಪು ನೆನಪಾಯಿತು. ವಾಪಸು ಬಂದ.

“ಗೇಲನ್, ನಿನ್ನ ಹೊಲ ಬೇಕಾಗಿತ್ತು.”

“ಊರು ಬಿಡೋ ಹೊತ್ತಲ್ಲಿ ಹೊಲ ಕೊಳ್ತೀಯೇನೋ?”

“ದಾಟೋಕೆ,” ಎಂದ ಆರ್ಲಿನ್. ನೆಲ ನೋಡುತ್ತಲೇ ಎಲ್ಲವನ್ನೂ ಹೇಳಿದ.

ಗೇಲನ್ ಎಣ್ಣೆಯ ಬಟ್ಟೆಯಲ್ಲಿ ಕೈಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿಕೊಂಡ. “ನನ್ನ ಮೂರು ಹೆಣ್ಮಕ್ಕಳ ಸಾಮಾನೂ ನೀನೇ ತುಂಬಿ ಕಳಿಸಿದ್ದು. ಒಂದು ತುಂಡು ಪಿಜ್ಜಾ ಮುಟ್ಲಿಲ್ಲ. ನಮ್ಮನೆಯವಳು ಇವತ್ತಿಗೂ ಅಂತಾಳೆ, ನಮ್ಮನೆ ಊಟ ಅವನಿಗೆ ಸೇರಲ್ಲ ಅಂತ. ನೀನು ಏನಾದ್ರೂ ಕೇಳ್ತೀಯಾ ಅಂತ ಇಷ್ಟು ವರ್ಷ ಕಾದೆ. ಕೊನೆಗೂ ಕೇಳಿದ್ದು ಒಂಚೂರು ಮಣ್ಣು! ಹೋಗು, ನಾಳೆನೇ ಆ ಹೊಲ ಕೊಯ್ತೀನಿ.”

ಹೊರಡುವ ದಿನ ಆರ್ಲಿನ್ ಇನ್ನೊಂದು ಕೆಲಸ ಮಾಡಿದ, ಊರೇ ಬಾಯಿಬಿಟ್ಟು ನೋಡಿತು. ಸಾಮಾನು ಹೊರಲು ಬಂದವರನ್ನು ಬೇಡವೆನ್ನಲಿಲ್ಲ. ಗೇಲನ್‌ನ ಹೆಂಡತಿ ಮಾಂಸ, ಆಲೂಗಡ್ಡೆ ಬೇಯಿಸಿ ತಂದ ಹಾಟ್‌ಡಿಶ್ಶನ್ನು ಮೊದಲ ಸಲ ಕೇಳಿದಾಗಲೇ ತಟ್ಟೆ ಒಡ್ಡಿ ಹಾಕಿಸಿಕೊಂಡ. ಕೊನೆಗೆ ಕಾರು ಕಟ್ಟಿದ್ದಾಯಿತು. ಮಾರ್ಡೆಲ್ ಮಾತ್ರ ಕೋಟು ತೊಡದೆ ಬಾಗಿಲಲ್ಲೇ ನಿಂತಿದ್ದಳು.

“ಹತ್ತು,” ಎಂದ ಆರ್ಲಿನ್. “ಕೋರಿ ಹತ್ರ ಹೋಗೋಣ.”

“ಹಿಂದಕ್ಕೆ ಹೇಗೆ ಬರ್ತೀಯ?”

“ಬರಲ್ಲ.”

ಅವಳಿಗೆ ಅರ್ಥವಾಗಲಿಲ್ಲ. ಆದರೂ ಗಂಡನ ಮುಖ ನೋಡಿ ಕೋಟು ತೊಟ್ಟಳು. ಲಾರಿ ಇಕ್ಕಟ್ಟಾದ ದಾರಿಯಲ್ಲಿ ಮೆಲ್ಲಗೆ ಸಾಗಿತು. ಸ್ಮಶಾನದ ತುದಿಯಲ್ಲಿ ಬೇಲಿ ಇರಲಿಲ್ಲ. ಕೊಯ್ದ ಹೊಲದ ನಡುವೆ ಮಣ್ಣನ್ನು ಒತ್ತಿ ಗಟ್ಟಿ ಮಾಡಿದ ದಾರಿ, ನೇರ ರಸ್ತೆಯವರೆಗೆ. ಮಾರ್ಡೆಲ್ ಅದನ್ನು ನೋಡಿದಳು, ಗಂಡನನ್ನು ನೋಡಿದಳು.

“ಕೇಳಿದ್ಯಾ? ನೀನು?”

“ಕೇಳ್ದೆ.”

ಅವಳು ಅವನ ಕೆನ್ನೆಯನ್ನು ಅಂಗೈಯಿಂದ ಒಮ್ಮೆ ಸವರಿದಳು. ಲಾರಿ ಮಗನ ಕಲ್ಲಿನ ಪಕ್ಕ ನಿಂತಿತು. ಕಿಟಕಿ ಇಳಿಸಿ, ಕೈಯನ್ನು ಹೊರಗೆ ಚಾಚಿ, ಮುಷ್ಟಿ ಕಟ್ಟಿ ಕೆಳಗೆ ಜಗ್ಗಿದಳು.

ಆರ್ಲಿನ್ ಹಾರ್ನ್ ಒತ್ತಿದ. ಪೀಂ ಎಂದಿತು. ಬಾಡಿಗೆ ಲಾರಿ, ಅದರ ಹಾರ್ನು ಕಾರಿನದಕ್ಕಿಂತ ಸಣಕಲು. ಇಷ್ಟೆಲ್ಲ ಯೋಜನೆ ಹಾಕಿದವನು ಹಾರ್ನನ್ನೇ ಒತ್ತಿ ನೋಡಿರಲಿಲ್ಲ. ಅವನ ಮುಖ ಬಿದ್ದುಹೋಯಿತು.

“ಇರ್ಲಿ ಬಿಡು,” ಎಂದಳು ಮಾರ್ಡೆಲ್, ಕಣ್ಣಲ್ಲಿ ನೀರು ತುಂಬಿಕೊಂಡು. “ಅವನಿಗೆ ಕೇಳಿಸಿರುತ್ತೆ.”

ಆಗ ಹೊಲದ ಆಚೆ ತುದಿಯಿಂದ ಭೋಂ ಎಂದು ಕೇಳಿಸಿತು. ರಸ್ತೆಯಂಚಿನಲ್ಲಿ ಗೇಲನ್ ತನ್ನ ಕಾಳು ಸಾಗಿಸುವ ದೊಡ್ಡ ಲಾರಿ ತಂದು ನಿಲ್ಲಿಸಿಕೊಂಡು ಕಾಯುತ್ತಿದ್ದ. ಹಾಗೆ ಮಾಡೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಹಾರ್ನಿನ ಹಗ್ಗವನ್ನು ಬಿಡದೆ ಜಗ್ಗಿದ. ಕಾಗೆಗಳು ಹೊಲದಿಂದೆದ್ದವು, ಲಾರಿಯ ಗಾಜು ನಡುಗಿತು. ಮಾರ್ಡೆಲ್ ನಗುತ್ತ ಅಳುತ್ತ ಮತ್ತೆ ಮುಷ್ಟಿ ಜಗ್ಗಿದಳು, ಮತ್ತೆ ಭೋಂ, ಮತ್ತೆ ಭೋಂ.

ಅದೆಲ್ಲ ನಿಂತ ಮೇಲೂ ಅವಳು ಕಲ್ಲನ್ನೇ ನೋಡುತ್ತಿದ್ದಳು. ಆರ್ಲಿನ್ ಅವಸರ ಮಾಡಲಿಲ್ಲ. ಕೊನೆಗೆ ಅವಳೇ ಕಿಟಕಿ ಏರಿಸಿದಳು.

“ನಡಿ, ಹೋಗೋಣ,” ಎಂದಳು.