ಫ್ರಿಜ್ಜಿಗೆ ಬೀಗ ಹಾಕಿದ ಅಕ್ಕಾರು

ಅವರ ಎಡ ಅಂಗೈ ಸದಾ ನೀಲಿಯಾಗಿರುತ್ತಿತ್ತು. ಯಾವ ಬಸುರಿಗೆ ರಕ್ತ ಕಡಿಮೆ, ಯಾವ ಕೂಸಿಗೆ ಸೂಜಿ ತಪ್ಪಿದೆ ಎಂಬುದನ್ನೆಲ್ಲ ಬಾಲ್‌ಪೆನ್ನಿನಿಂದ ಅಲ್ಲೇ ಗೀಚಿಕೊಳ್ಳುವರು. ‘ಚೀಟಿ ಕಳಿತೈತಿ, ಕೈ ಎಲ್ಲಿ ಹೊಕ್ಕೈತಿ?’ ಎನ್ನುವರು. ಲಿಂಗಸುಗೂರು–ಮಸ್ಕಿ ಕಡೆಯ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅವರು ಹಿರಿಯ ಸಿಸ್ಟರ್, ನಾನು ಗುತ್ತಿಗೆಯ ಮೇಲೆ ಸೇರಿದ ಹೊಸ ನರ್ಸು. ನಾವೆಲ್ಲ ಅವರನ್ನು ಅಕ್ಕಾರು ಎನ್ನುತ್ತಿದ್ದೆವು.

ಒಮ್ಮೆ ನಮ್ಮಿಬ್ಬರನ್ನೂ ಲಿಂಗಸುಗೂರಿಗೆ ನಾಯಕತ್ವ ಮತ್ತು ನಿರ್ವಹಣೆಯ ತರಬೇತಿಗೆ ಕಳಿಸಿದರು. ಮೂರು ದಿನ ಚಾರ್ಟಿನ ಮೇಲೆ ಒಳ್ಳೆಯ ನಾಯಕನ ಗುಣಗಳನ್ನು ಬಣ್ಣಬಣ್ಣವಾಗಿ ಬರೆದೆವು, ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದೆವು, ಚಪ್ಪಾಳೆ ತಟ್ಟಿದೆವು. ಕೊನೆಗೆ ಅಕ್ಕಾರು ಎದ್ದು ಕೇಳಿದರು: ‘ಸರ್ರೀ, ಮ್ಯಾಲಿನವ್ರು ಸುಳ್ಳ ಬರಿ ಅಂದ್ರ ಏನ್ ಮಾಡ್ಬೇಕು? ಅದನ್ನೂ ಹೇಳ್ರಿ.’ ತರಬೇತುದಾರರು ನಕ್ಕು, ಸಮಯವಾಯಿತು ಎಂದರು.

ಶನಿವಾರ ಮಧ್ಯಾಹ್ನ ಸರ್ಟಿಫಿಕೇಟು ಹಿಡಿದು ಮರಳಿದೆವು. ನನಗೆ ಮುದಗಲ್‌ನ ಮನೆಗೆ ಹೋಗುವ ಅವಸರ. ಲಸಿಕೆಯ ಫ್ರಿಜ್ಜಿನ ತಾಪಮಾನವನ್ನು ದಿನಕ್ಕೆರಡು ಸಲ ನೋಡಿ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಭಾನುವಾರದ ಎರಡೂ ಸಲದ್ದನ್ನು ಮುಂಚೆಯೇ ‘ನಾಲ್ಕು ಡಿಗ್ರಿ’ ಎಂದು ತುಂಬಿ, ಸಹಿ ಹಾಕಿ ಬಸ್ಸು ಹತ್ತಿದೆ. ಎಷ್ಟೋ ಜನ ಮಾಡುವುದು ಅದನ್ನೇ. ಆ ಭಾನುವಾರ ಇಡೀ ದಿನ ಕರೆಂಟು ಹೋಗಿತ್ತು.

ಸೋಮವಾರ ತಾಯಂದಿರು ಲಸಿಕೆಗೆಂದು ಕೂಸುಗಳನ್ನು ಎತ್ತಿಕೊಂಡು ಹೊರಗೆ ಕೂತಿದ್ದರು. ಅಕ್ಕಾರು ಫ್ರಿಜ್ಜು ತೆಗೆದು ನೋಡಿದರೆ ಹದಿನಾಲ್ಕು ಡಿಗ್ರಿ. ಎಂಟು ದಾಟಿದರೆ ಲಸಿಕೆ ಕೆಡುವ ಭಯ. ಪುಸ್ತಕದಲ್ಲಿ ನಾನು ಬರೆದದ್ದು ನಾಲ್ಕು.

ವೈದ್ಯಾಧಿಕಾರಿಗಳು ಬಂದು ಪುಸ್ತಕ ತಿರುವಿದರು. ‘ಇದ್ರಾಗ ಸರಿ ಐತಲ್ಲ? ಮಂದಿ ಬಂದಾರ. ಹಾಕಿಬಿಡ್ರಿ.’

‘ಸೂಜಿ ಪುಸ್ತಕಕ್ಕ ಹಾಕಂಗಿಲ್ರೀ ಸರ್, ಕೂಸಿಗೆ ಹಾಕ್ತೀವಿ,’ ಎಂದ ಅಕ್ಕಾರು ಫ್ರಿಜ್ಜಿಗೆ ಬೀಗ ಜಡಿದು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ನನ್ನ ಮುಂದೆ ಕೆಂಪು ಪೆನ್ನು ಇಟ್ಟರು. ‘ಬರದಾಕಿ ನೀನ. ಹೊಡದ ಹಾಕು. ಖರೇ ಏನೈತಿ, ಅದನ್ನ ಬರಿ.’

‘ನೌಕರಿ ಹೊಕ್ಕೈತ್ರೀ ಅಕ್ಕಾರ...’

‘ಹೋದ್ರ ನಂದೂ ಹೊಕ್ಕೈತಿ. ಬರಿ ಮದ್ಲ.’

ಬರೆದೆ. ಕೆಳಗೆ ಅವರೂ ಸಹಿ ಹಾಕಿದರು. ಇಂಥ ಹೊತ್ತಿನಲ್ಲಿ ‘ಸಪ್ಲೈ ಬಂದಿಲ್ಲ’ ಎಂದು ಜನರನ್ನು ಸಾಗಹಾಕುವುದು ವಾಡಿಕೆ. ಅಕ್ಕಾರು ಹೊರಗೆ ಹೋಗಿ ಹೇಳಿದರು: ‘ತಪ್ಪು ನಮ್ದ ಐತ್ರೀ ಯವ್ವಾ. ಔಷಧ ಕೆಟ್ಟಿರಬಹುದು. ಹೊಸಾದು ತರಿಸಿ ನಾವ ನಿಮ್ಮ ಊರಿಗೆ ಬರ್ತೀವಿ.’ ಕೂಲಿ ಬಿಟ್ಟು ಬಂದವಳೊಬ್ಬಳು ಬಾಯಿಗೆ ಬಂದಂತೆ ಬೈದಳು. ಅಕ್ಕಾರು ತಲೆ ತಗ್ಗಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಲಸಿಕೆ ಕೆಟ್ಟದ್ದಕ್ಕೆ ಕಾರಣ ಕೇಳಿ ಇಬ್ಬರಿಗೂ ನೋಟಿಸು ಬಂತು. ನನ್ನದು ಯಾಕೋ ಅಲ್ಲಿಗೇ ನಿಂತಿತು. ಅಕ್ಕಾರನ್ನು ನಿವೃತ್ತಿಗೆ ಒಂದೇ ವರ್ಷವಿರುವಾಗ ಸಿಂಧನೂರಿನ ಆಚೆ ಕಾಲುವೆ ಬದಿಯ ಹಳ್ಳಿಗೆ ಎತ್ತಿಹಾಕಿದರು. ಬಸ್‌ಸ್ಟ್ಯಾಂಡಿನಲ್ಲಿ ನಾನು ಅತ್ತಾಗ ಗದರಿದರು: ‘ಯಾಕ ಅಳಾಕತ್ತೀ? ಅಲ್ಲಿ ಕೂಸು ಹುಟ್ಟಂಗಿಲ್ಲೇನು?’

ಹೋದ ವರ್ಷ ಅವರು ತೀರಿಕೊಂಡರು. ಆಮೇಲೆ ಹಳೆಯ ಕಡತವೊಂದರಲ್ಲಿ, ಆ ನೋಟಿಸಿಗೆ ಅವರು ಬರೆದ ಉತ್ತರ ಸಿಕ್ಕಿತು: ‘ತಪ್ಪು ಬರೆದವಳು ತಾನೇ ತಿದ್ದಿದ್ದಾಳೆ. ತಿದ್ದಿಸಿದವಳು ನಾನು. ಶಿಕ್ಷೆ ಕೊಡುವುದಿದ್ದರೆ ನನಗೆ ಕೊಡಿ.’ ಇದನ್ನು ಅವರು ನನಗೆ ಒಮ್ಮೆಯೂ ಹೇಳಿರಲಿಲ್ಲ.

ನಾನು ಇಂದು ಉಣ್ಣುವ ಅನ್ನ ಆ ಸಾಲುಗಳದ್ದು. ‘ಎಲ್ಲಾ ಸರಿ ಐತಿ ಅಂತ ಬರದಬಿಡ್ರಿ ಸಿಸ್ಟರ್’ ಎನ್ನುವವರು ಈಗಲೂ ಇದ್ದಾರೆ. ನಾನು ಬರೆಯುವುದಿಲ್ಲ. ನನಗೂ ಎರಡು ನೋಟಿಸು ಬಂದಿವೆ. ಬರಲಿ.