ಕುಂಕುಮ ಹಚ್ಚಿಸಿಕೊಂಡ ಕಂಪ್ಯೂಟರ್

"ಗದ್ದ ಸ್ವಲ್ಪ ಮ್ಯಾಲೆತ್ತು ತಮ್ಮಾ. ಸಾಹೇಬ್ರ ಮುಂದ ನಿಂತಾಂಗ ಬ್ಯಾಡ. ನಿಮ್ಮವ್ವನ ಮುಂದ ಉಣ್ಣಾಕ ಕುಂತಾಂಗ ಕುಂದ್ರು."

ಬೆಳಗಿನ ಐದೂವರೆ. ಟಿ. ದಾಸರಹಳ್ಳಿಯ ಈ ಒಳರಸ್ತೆಯಲ್ಲಿ ಹಾಲಿನ ಬೂತು, ಒಂದು ಚಹಾದ ಗಾಡಿ ಮತ್ತು ಮುರಿಗೆಪ್ಪನವರ ಫೋಟೋ ಸ್ಟುಡಿಯೋ ಮಾತ್ರ ಎಚ್ಚರವಾಗಿವೆ. ಸ್ಟುಡಿಯೋದ ಶಟರ್ ಅರ್ಧಕ್ಕೆ ನಿಂತಿದೆ. ಬಂದವರು ಬಗ್ಗಿ ಒಳಗೆ ಹೋಗಬೇಕು. ಸ್ಟೂಲಿನ ಮೇಲೆ ಕುಳಿತಾತ ಯಾದಗಿರಿ ಕಡೆಯವನು, ನಿನ್ನೆಯಷ್ಟೇ ಯಶವಂತಪುರದಲ್ಲಿ ರೈಲಿಳಿದವನು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಇಂದು ಅವನ ಮೊದಲ ದಿನ. ಆರರ ಸೈರನ್ ಕೂಗುವ ಮೊದಲು ಗೇಟ್ ಪಾಸಿಗೆ ಎರಡು ಫೋಟೋ ಕೊಡಬೇಕು.

ಮೈಮೇಲೆ ಸ್ಟುಡಿಯೋದ ನೀಲಿ ಕೋಟು, ಕೆಳಗೆ ಚೌಕಳಿ ಲುಂಗಿ. ಚಿಂತೆಯಿಲ್ಲ, ಪಾಸ್‌ಪೋರ್ಟ್ ಫೋಟೋ ಎದೆಯಿಂದ ಕೆಳಗಿಳಿಯುವುದಿಲ್ಲ. ಈ ಕೋಟು ಪೀಣ್ಯದ ಎಷ್ಟು ಕಾರ್ಖಾನೆಗಳ ಗುರುತಿನ ಚೀಟಿಗಳಲ್ಲಿ ಇದೆಯೋ ದೇವರೇ ಬಲ್ಲ. ತೆಳ್ಳಗಿನವರು, ದಪ್ಪಗಿನವರು, ಹದಿನೆಂಟರವರು, ಐವತ್ತರವರು, ಎಲ್ಲರ ಮೈಗೂ ಅದೇ ಕೋಟು. ಗೇಟಿನ ಸೆಕ್ಯುರಿಟಿಯವರು ಮುಖಕ್ಕಿಂತ ಮೊದಲು ಕೋಟನ್ನು ಗುರುತು ಹಿಡಿದು "ಓ, ಮುರಿಗೆಪ್ಪನ ಗಿರಾಕಿ" ಎಂದು ನಗುತ್ತಾರಂತೆ.

ಕ್ಯಾಮೆರಾ ಕಣ್ಣು ಮಿಟುಕಿಸುತ್ತದೆ. ಮುರಿಗೆಪ್ಪ ಅದರ ಮೆಮೊರಿ ಕಾರ್ಡನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಹಿಂದಿನ ಗೋಡೆಯ ಬಣ್ಣ ತೆಗೆದು, ರಾತ್ರಿ ನಿದ್ದೆಯಿಲ್ಲದೆ ಕಪ್ಪಾದ ಕಣ್ಣಡಿಯನ್ನು ತುಸು ತಿಳಿಯಾಗಿಸಿ ಮುದ್ರಣಕ್ಕೆ ಕಳಿಸುತ್ತಾರೆ. ದಿನಕ್ಕೆ ಮೂವತ್ತು ನಲವತ್ತು ಮುಖಗಳು ಹೀಗೆ ಅವರ ಕೈ ದಾಟುತ್ತವೆ. ಮಾನಿಟರಿನ ಪಕ್ಕದ ಕಪ್ಪು ಡಬ್ಬಿಯ ನೆತ್ತಿಯ ಮೇಲೆ ಕಳೆದ ವರ್ಷದ ಕುಂಕುಮ ಒಣಗಿ ಕೂತಿದೆ. ಆ ಡಬ್ಬಿಯೊಳಗೆ ಓಡುತ್ತಿರುವುದು ಲಿನಕ್ಸ್.

ವಿಂಡೋಸ್‌ನಂತೆ ಇದೂ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ. ನಾನಾ ದೇಶದ ಜನ ಕೂಡಿ ಬರೆದು, ಬೇಕಾದವರು ಬಳಸಿಕೊಳ್ಳಿ ಎಂದು ಬಿಟ್ಟದ್ದು. ಅದನ್ನು ಬಳಸುವವರೆಲ್ಲ ಕಪ್ಪು ತೆರೆಯ ಮೇಲೆ ಬಿಳಿ ಅಕ್ಷರ ಕುಟ್ಟುವ ಎಂಜಿನಿಯರುಗಳೇ ಎಂದುಕೊಂಡವರು ಒಮ್ಮೆ ಈ ಶಟರ್ ಕೆಳಗೆ ಬಗ್ಗಿ ಬರಬೇಕು. ಮುರಿಗೆಪ್ಪ ಓದಿರುವುದು ಏಳನೆಯ ತರಗತಿ. ಪ್ರೋಗ್ರಾಮ್ ಬರೆಯುವುದು ಹಾಗಿರಲಿ, ಬರೆಯುವವರನ್ನು ಕಂಡದ್ದೂ ಅಪರೂಪ.

ಗದಗ ಜಿಲ್ಲೆಯ ಮುಂಡರಗಿಯ ಕಡೆಯಿಂದ ಬಂದು ಹದಿನೇಳು ವರ್ಷ ಪೀಣ್ಯದಲ್ಲಿ ಕಬ್ಬಿಣ ಕಡೆಯುವ ಲೇಥ್ ಯಂತ್ರದ ಮುಂದೆ ನಿಂತವರು ಅವರು. ವರ್ಕ್‌ಶಾಪಿನ ಮಾಲೀಕರು ಊರಾಚೆಗೆ ಜಾಗ ಬದಲಿಸಿದಾಗ ಇವರು ಹಿಂದೆ ಹೋಗಲಿಲ್ಲ. ಮದುವೆ ಮುಂಜಿಗಳಲ್ಲಿ ಕ್ಯಾಮೆರಾ ಹಿಡಿಯುವ ಹುಚ್ಚು ಮೊದಲಿನಿಂದಲೂ ಇತ್ತು. ಅದನ್ನೇ ಹೊಟ್ಟೆಪಾಡು ಮಾಡಿಕೊಂಡರು. ಹೆಂಡತಿ ಶರಣಮ್ಮ ಆಗ ಗಾರ್ಮೆಂಟ್ಸ್‌ನಲ್ಲಿ ಚೆಕರ್. ಹೊಲಿದ ಅಂಗಿಯನ್ನು ತಿರುಗಿಸಿ ಮುರುಗಿಸಿ ನೋಡಿ ಪಾಸು, ಇಲ್ಲವೇ ರಿಜೆಕ್ಟು ಎನ್ನುವ ಕೆಲಸ. ಅದನ್ನು ಬಿಟ್ಟು ಸ್ಟುಡಿಯೋಗೆ ಬಂದರೂ ಆ ಕಣ್ಣನ್ನು ಮಾತ್ರ ಫ್ಯಾಕ್ಟರಿಯಲ್ಲಿ ಬಿಟ್ಟು ಬಂದಿಲ್ಲ.

ಕಥೆ ಶುರುವಾಗುವುದು ಆ ಕಣ್ಣಿನಿಂದಲೇ. ಐದು ವರ್ಷದ ಹಿಂದಿನ ಆಯುಧಪೂಜೆ. ಪೀಣ್ಯದಲ್ಲಿ ಅದು ದೀಪಾವಳಿಗಿಂತ ದೊಡ್ಡ ಹಬ್ಬ. ಲೇಥಿಗೆ, ಪ್ರೆಸ್ಸಿಗೆ, ತಕ್ಕಡಿಗೆ, ಮೂಲೆಯ ಸುತ್ತಿಗೆಗೂ ಅಂದು ಹೂವು. ಶರಣಮ್ಮ ಕ್ಯಾಮೆರಾಕ್ಕೆ, ಪ್ರಿಂಟರಿಗೆ, ಫೋಟೋ ಕತ್ತರಿಸುವ ಕಟರಿಗೆ ಕುಂಕುಮ ಹಚ್ಚುತ್ತ ಕಂಪ್ಯೂಟರಿನ ಮುಂದೆ ಬಂದರು. ತೆರೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬರಹ. ಫೋಟೋ ಒಯ್ಯಲು ಬಂದಿದ್ದ ಸಿದ್ದಾರ್ಥ್ ಎಂಬ ಪಾಲಿಟೆಕ್ನಿಕ್ ಮೇಷ್ಟ್ರನ್ನು ಏನದು ಎಂದು ಕೇಳಿದರು. ಮೇಷ್ಟ್ರು ಇದ್ದುದನ್ನು ಇದ್ದ ಹಾಗೆ ಹೇಳಿದರು: "ಇದ್ರಲ್ಲಿರೋ ವಿಂಡೋಸ್ ಒರಿಜಿನಲ್ ಅಲ್ಲ, ನಕಲು ಅಂತ ಬರ್ತಿದೆ ಅಮ್ಮ."

ಶರಣಮ್ಮನ ಬೆರಳು ಅಲ್ಲೇ ನಿಂತಿತು. ಕಂಪ್ಯೂಟರ್ ಜೋಡಿಸಿ ಕೊಟ್ಟಿದ್ದ ಕೃಷ್ಣಪ್ಪ, ಎಲ್ಲ ಅಂಗಡಿಗಳಿಗೂ ಹಾಕುವಂತೆ ಇವರಿಗೂ ನಕಲು ಸಿಡಿಯಿಂದಲೇ ಎಲ್ಲವನ್ನೂ ತುಂಬಿದ್ದ. ಅದು ತಪ್ಪೆಂದು ಯಾರಿಗೂ ಅನಿಸಿರಲಿಲ್ಲ. "ಕದ್ದ ಮಾಲಿಗೆ ನಾ ಹೆಂಗ್ರಿ ಕುಂಕುಮ ಹಚ್ಚಲಿ? ನಮ್ದಲ್ಲದ್ದಕ್ಕ ಪೂಜಿ ಮಾಡಿದ್ರ ಅದು ಪೂಜಿ ಆಗತೈತೇನು?" ಎಂದು ತಟ್ಟೆ ಹಿಡಿದು ಹೊರಟೇಬಿಟ್ಟರು.

"ರಿಜೆಕ್ಟ್ ಮಾಡಿಬಿಟ್ಲರಿ," ಎಂದು ಮುರಿಗೆಪ್ಪ ಇಂದು ನಗುತ್ತಾರೆ. ಅಂದು ನಕ್ಕಿರಲಿಲ್ಲ. ಅನ್ನ ಹಾಕುವ ಯಂತ್ರ ಹಬ್ಬದ ದಿನ ಬೋಳು ಹಣೆಯಲ್ಲಿ ಕೂತದ್ದು ಅವರಿಗೆ ಬಹಳ ಚುಚ್ಚಿತು. ಲೇಥಿನ ಮುಂದೆ ನಿಂತಿದ್ದಾಗಲೂ ಪೂಜೆಯಿಲ್ಲದ ವರ್ಷವೊಂದನ್ನು ಅವರು ಕಂಡಿರಲಿಲ್ಲ. ಒರಿಜಿನಲ್ ಕೊಳ್ಳೋಣವೆಂದರೆ ವಿಂಡೋಸೂ ಫೋಟೋ ತಿದ್ದುವ ತಂತ್ರಾಂಶವೂ ಸೇರಿ ಸ್ಟುಡಿಯೋವನ್ನೇ ಮಾರಬೇಕಾದಷ್ಟು ಬೆಲೆ.

ದಾರಿ ತೋರಿಸಿದವರೂ ಅದೇ ಸಿದ್ದಾರ್ಥ್ ಮೇಷ್ಟ್ರು. ಪೂಜೆ ಕೆಡಿಸಿದೆನಲ್ಲ ಎಂಬ ಸಂಕಟ ಅವರಿಗೂ ಇತ್ತೋ ಏನೋ, ಕೆಲವು ತಿಂಗಳ ಮೇಲೆ ಲಿನಕ್ಸ್ ಸಿಡಿಯೊಂದನ್ನು ಹಿಡಿದು ಬಂದರು. ಪುಕ್ಕಟೆ ಎಂದೊಡನೆ ಶರಣಮ್ಮನ ಅನುಮಾನ ಇಮ್ಮಡಿಯಾಯಿತು. ಯಾರು ಮಾಡಿದ್ದು, ಯಾಕೆ ಕೊಡುತ್ತಾರೆ, ನಾಳೆ ಬಂದು ಕಸಿದುಕೊಂಡರೆ? ಮೇಷ್ಟ್ರು ಬೆವರು ಒರೆಸಿಕೊಳ್ಳುತ್ತ ಉತ್ತರಿಸಿದರು: "ಕಸ್ಕೊಳ್ಳಲ್ಲ ಅಮ್ಮ. ಸಾವಿರಾರು ಜನ ಸೇರಿ ಮಾಡಿರೋದು. ಎಲ್ಲರೂ ಬಳಸಲಿ ಅಂತಾನೇ ಮಾಡಿರೋದು."

"ಅಂದ್ರ ದಾಸೋಹ," ಎಂದರು ಶರಣಮ್ಮ.

ಮೇಷ್ಟ್ರಿಗೆ ಆ ಮಾತು ಹೊಳೆದಿರಲಿಲ್ಲ. ಮಠದ ದಾಸೋಹದಲ್ಲಿ ಒಬ್ಬರು ಅಕ್ಕಿ ತರುತ್ತಾರೆ, ಒಬ್ಬರು ಕಾಯಿಪಲ್ಲೆ ಹೆಚ್ಚುತ್ತಾರೆ, ಉಣ್ಣಲು ಬಂದವನ ಹೆಸರನ್ನು ಯಾರೂ ಕೇಳುವುದಿಲ್ಲ. ಶರಣಮ್ಮ ಒಪ್ಪಿದರು, ಆದರೆ ಚೆಕರ್ ಆಗಿಯೇ ಒಪ್ಪಿದರು: "ಕದ್ದಿದ್ದಲ್ಲ ಅಂದಮ್ಯಾಲೆ ಅರ್ಧಾ ಪಾಸು. ಮುಂದಿನ ಹಬ್ಬದತನಕ ಕೆಲಸ ಮಾಡಿ ತೋರಿಸಲಿ. ಆಮ್ಯಾಲೆ ಕುಂಕುಮದ ಮಾತು."

ಹಳೆಯ ಗೆಳೆಯನನ್ನು ಬಿಟ್ಟು ಹೊಸಬನ ಜೊತೆ ಸಂಸಾರ ಹೂಡಿದಂತೆ ಇದ್ದವು ಮೊದಮೊದಲ ದಿನಗಳು. ಗಿಂಪ್ ಎಂಬ ಫೋಟೋ ತಿದ್ದುವ ತಂತ್ರಾಂಶದಲ್ಲಿ ಸಲಕರಣೆಗಳ ಕಿಟಕಿ ಒಂದು ಕಡೆ, ಚಿತ್ರ ಇನ್ನೊಂದು ಕಡೆ. ಮುರಿಗೆಪ್ಪ ಅಡ್ಡ ಬಂತೆಂದು ಒಂದನ್ನು ಮುಚ್ಚಿದರೆ ಎಲ್ಲವೂ ಮಾಯ. ಪ್ರಿಂಟರ್ ಮಾತು ಕೇಳಲು ಮೇಷ್ಟ್ರು ಮೂರು ಭಾನುವಾರ ಬರಬೇಕಾಯಿತು. ಇಷ್ಟೆಲ್ಲ ಯಾರಿಗಾದರೂ ಆಗುವಂಥದ್ದೇ. ಆದರೆ ಒಂದು ತಪ್ಪನ್ನು ಮಾತ್ರ ಲೇಥ್ ಕೆಲಸಗಾರನಲ್ಲದೆ ಇನ್ನೊಬ್ಬ ಮಾಡಲಾರ.

ಲೇಥಿನಲ್ಲಿ ಏನಾದರೂ ಸಿಕ್ಕಿಕೊಂಡರೆ ಯೋಚನೆ ಮಾಡುವ ಹಾಗಿಲ್ಲ; ಮೊದಲು ಕೈ ಹೋಗಬೇಕಾದ್ದು ಮೇನ್ ಸ್ವಿಚ್ಚಿಗೆ. ತಡವಾದರೆ ಬೆರಳು ಹೋಗುತ್ತದೆ. ಮುರಿಗೆಪ್ಪನವರ ಹತ್ತೂ ಬೆರಳು ಉಳಿದಿರುವುದು ಆ ಅಭ್ಯಾಸದಿಂದ. ಆ ಅಭ್ಯಾಸ ಸ್ಟುಡಿಯೋಗೂ ಬಂತು. ತೆರೆಯ ಮೇಲೆ ಮೌಸಿನ ಬಾಣ ಅಲುಗದಿದ್ದರೆ ಮೇನ್ ಆಫ್. ಪ್ರಿಂಟು ಅರ್ಧಕ್ಕೆ ನಿಂತರೆ ಮೇನ್ ಆಫ್. ಕಂಪ್ಯೂಟರ್ ಪಾಪ ಪ್ರತಿ ಸಲವೂ ಎದ್ದು ಕೂತು ಸಹಿಸಿಕೊಂಡಿತು.

ಹಬ್ಬಕ್ಕೆ ಹತ್ತು ಹದಿನೈದು ದಿನವಿದ್ದಾಗ ಅದರ ತಾಳ್ಮೆ ತಪ್ಪಿತು. ಬೆಳಗಿನ ಹೊತ್ತು, ಸ್ಟೂಲಿನ ಮೇಲೆ ಲಿಂಗಸುಗೂರಿನ ಬಸಲಿಂಗ. ಊರಲ್ಲಿ ಹೆಂಡತಿ, ಕೈಗೂಸು. ಗುತ್ತಿಗೆದಾರ ಹೇಳಿದ್ದು ಒಂದೇ ಮಾತು: ಆರು ಗಂಟೆಗೆ ಫೋಟೋ ಜೊತೆ ಗೇಟಿನಲ್ಲಿರು, ಇಲ್ಲವಾದರೆ ಇನ್ನೊಬ್ಬನನ್ನು ತಗೊಳ್ತೀನಿ. ಪ್ರಿಂಟು ನಡುವೆ ನಿಂತಿತು. ಮುರಿಗೆಪ್ಪನವರ ಕೈ ತಾನಾಗಿಯೇ ಮೇನ್ ಸ್ವಿಚ್ಚಿಗೆ ಹೋಯಿತು. ಮತ್ತೆ ಹಾಕಿದರೆ ಕಂಪ್ಯೂಟರ್ ತನ್ನ ಡಿಸ್ಕನ್ನೆಲ್ಲ ತಪಾಸಣೆ ಮಾಡುತ್ತ ಕೂತುಬಿಟ್ಟಿತು. ಸೈರನ್ ಕೂಗಿತು. ಬಸಲಿಂಗ ಕೋಟು ಬಿಚ್ಚಿ, ಮಡಚಿ ಸ್ಟೂಲಿನ ಮೇಲಿಟ್ಟರು.

"ಬೈದಿದ್ರ ಚೊಲೋ ಇತ್ರಿ," ಎನ್ನುತ್ತಾರೆ ಮುರಿಗೆಪ್ಪ. ಕ್ಯಾಮೆರಾ ಕೊರಳಿಗೆ ಹಾಕಿಕೊಂಡೇ ಅವರನ್ನು ಕರೆದುಕೊಂಡು ಗೇಟಿಗೆ ಓಡಿದರು. ಕ್ಯಾಮೆರಾದಲ್ಲಿನ ಮುಖ ತೋರಿಸಿ, ಹತ್ತು ಗಂಟೆಗೆ ಪ್ರಿಂಟು ತಂದುಕೊಡುವೆನೆಂದು ಬೇಡಿಕೊಂಡರು. ಗುತ್ತಿಗೆದಾರ ಕೇಳಲಿಲ್ಲ. ಜಾಗ ಆಗಲೇ ತುಂಬಿತ್ತು. ಮುಂದಿನ ವಾರ ನೋಡೋಣ ಎಂದ. ಆ ಒಂದು ವಾರ ಬಸಲಿಂಗ ಉಂಡದ್ದು ಶರಣಮ್ಮನ ಕೈಯ ರೊಟ್ಟಿ. ತನ್ನ ಹಟಕ್ಕೆ ಇನ್ನೊಬ್ಬನ ಅನ್ನ ಹೋಯಿತೆಂಬ ಸಂಕಟ ಮುರಿಗೆಪ್ಪನವರನ್ನು ತಿನ್ನುತ್ತಿತ್ತು.

ಸುದ್ದಿ ತಿಳಿದ ಕೃಷ್ಣಪ್ಪ ಹಳೆಯ ಸಿಡಿ ಹಿಡಿದು ಬಂದೇ ಬಂದ. "ಯಾಕಣ್ಣ ಸುಮ್ನೆ ಒದ್ದಾಡ್ತೀಯ? ಒಂದು ಗಂಟೆ ಕೊಡು, ಎಲ್ಲಾ ಮೊದಲಿನ ಥರ ಮಾಡ್ಕೊಡ್ತೀನಿ. ದಾಸರಹಳ್ಳೀಲಿ ಯಾರ್ ಬಂದು ನೋಡ್ತಾರೆ?"

ಮುರಿಗೆಪ್ಪ ಹೆಂಡತಿಯ ಮುಖ ನೋಡಿದರು. "ಹಾಕಿಸ್ಕೋರಿ, ನಾ ಬ್ಯಾಡ ಅನ್ನೂದಿಲ್ಲ. ಒಬ್ಬಾಂವ ಉಪವಾಸ ಬೀಳೂದಕಿಂತ ಚೊಲೋ. ಆದ್ರ ಕುಂಕುಮ ಮಾತ್ರ ಕೇಳಬ್ಯಾಡ್ರಿ," ಎಂದರು ಶರಣಮ್ಮ.

ಮುರಿಗೆಪ್ಪ ಮೇನ್ ಸ್ವಿಚ್ಚನ್ನು ನೋಡಿದರು, ತಮ್ಮ ಕೈ ನೋಡಿಕೊಂಡರು. "ಆವಾಗ ತಿಳೀತ್ರಿ," ಎಂದು ನೆನೆಯುತ್ತಾರೆ. "ಮಷೀನು ತಪ್ಪು ಮಾಡಿರಲಿಲ್ಲ. ಹೊಸಾ ಮಷೀನಿಗೆ ನಾ ಹಳೇ ಕೈ ಹಚ್ಚಿದ್ದೆ. ಲೇಥ್ ಕಲಿಯಾಕ ವರ್ಷಗಟ್ಲೆ ಬೈಸ್ಕೊಂಡೀನಿ. ಇದಕ್ಕ ನಾಕು ದಿನ ಕೊಡಬಾರದೇನು?" ಕೃಷ್ಣಪ್ಪನಿಗೆ ಚಹಾ ಕುಡಿಸಿ, ಸಿಡಿಯನ್ನು ಅವನ ಜೇಬಿಗೇ ಹಾಕಿ ಕಳಿಸಿದರು.

ಮೇಷ್ಟ್ರು ಫೋನಿನಲ್ಲೇ ಪಾಠ ಹೇಳಿದರು: ಸಿಕ್ಕಿಕೊಂಡದ್ದನ್ನು ಮಾತ್ರ ನಿಲ್ಲಿಸುವುದು ಹೇಗೆ, ಉಳಿದದ್ದನ್ನು ಅದರ ಪಾಡಿಗೆ ಬಿಡುವುದು ಹೇಗೆ. ಶರಣಮ್ಮ ಮೇನ್ ಸ್ವಿಚ್ಚಿಗೆ ಒಂದು ಕೆಂಪು ರವಿಕೆ ಬಟ್ಟೆ ಬಿಗಿದು ಕಟ್ಟಿದರು. ಗಂಡನ ಕೈ ಅಲ್ಲಿಗೆ ಹೋದಾಗಲೆಲ್ಲ ಬೆರಳಿಗೆ ಬಟ್ಟೆ ತಾಗಿ ಹಿಂದೆ ಬರುತ್ತಿತ್ತು. ಮರುವಾರ ಅದೇ ಸ್ಟೂಲು, ಅದೇ ಕೋಟು, ಅದೇ ಬಸಲಿಂಗ. ಪ್ರಿಂಟು ಮತ್ತೆ ನಿಂತಿತು. ಮುರಿಗೆಪ್ಪ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಒಂದು ಉಸಿರು ಬಿಟ್ಟರು. ಆಮೇಲೆ ನಿಧಾನ ಮೌಸ್ ಹಿಡಿದು, ನಿಂತ ಕೆಲಸವನ್ನು ರದ್ದು ಮಾಡಿ ಮತ್ತೆ ಕಳಿಸಿದರು. ಸೈರನ್ ಕೂಗುವ ಹೊತ್ತಿಗೆ ಬಸಲಿಂಗ ಗೇಟಿನ ಒಳಗಿದ್ದರು.

ಆ ವರ್ಷದ ಆಯುಧಪೂಜೆಗೆ ಪೀಣ್ಯದ ಬೀದಿಗಳಲ್ಲೆಲ್ಲ ಒಡೆದ ಬೂದುಗುಂಬಳ. ಶರಣಮ್ಮ ತಟ್ಟೆ ಹಿಡಿದು ಕ್ಯಾಮೆರಾ ಮುಗಿಸಿದರು, ಪ್ರಿಂಟರ್ ಮುಗಿಸಿದರು, ಗೂಟಕ್ಕೆ ನೇತುಬಿದ್ದ ಕೋಟಿಗೂ ಒಂದು ಹೂವು ಸಿಕ್ಕಿಸಿದರು. ಕಂಪ್ಯೂಟರಿನ ಮುಂದೆ ನಿಂತು ಗಂಡನನ್ನು ಕೇಳಿದರು, "ಇದು ನಮ್ದೇನ್ರಿ?"

"ಎಲ್ಲಾರ್ದೂ. ನಮ್ದೂನೂ."

ಶರಣಮ್ಮ ಬೆರಳು ಅದ್ದಿ, ಡಬ್ಬಿಯ ನೆತ್ತಿಗೆ ಒತ್ತಿ, "ಪಾಸ್," ಎಂದರು. ಮುರಿಗೆಪ್ಪನವರ ಕಣ್ಣಲ್ಲಿ ನೀರು ಬಂತು. ಹಬ್ಬದ ಊದುಬತ್ತಿಯ ಹೊಗೆ ಎಂದು ಅವರು ಇಂದಿಗೂ ವಾದಿಸುತ್ತಾರೆ. ನಂಬುವವರು ಯಾರೂ ಇಲ್ಲ.

ಈಗ ಮೆನುಗಳು ಕನ್ನಡದಲ್ಲೂ ಇವೆ. 'ತೆರೆ', 'ಉಳಿಸು', 'ಮುಚ್ಚು' ಎಂದು ಓದಿಕೊಂಡು ಶರಣಮ್ಮನೂ ಫೋಟೋ ತಿದ್ದುತ್ತಾರೆ, ಗಂಡನ ಕೆಲಸವನ್ನೂ ತಿದ್ದುತ್ತಾರೆ. ದಾಸೋಹದಲ್ಲಿ ಉಂಡವರು ಕೈ ತೊಳೆದು ಸುಮ್ಮನೆ ಎದ್ದು ಹೋಗಬಾರದೆಂಬುದು ಅವರ ಕಟ್ಟಪ್ಪಣೆ. ಹಾಗಾಗಿ ಭಾನುವಾರ ಮಧ್ಯಾಹ್ನ ಮುರಿಗೆಪ್ಪ ಸಿಡಿ ಹಿಡಿದು ಬೀದಿಗಿಳಿಯುತ್ತಾರೆ. ಹೊಲಿಗೆ ತರಗತಿ ನಡೆಸುವ ಮಹಾಂತಮ್ಮನ ಕಂಪ್ಯೂಟರಿಗೆ, ಲಾರಿ ಬುಕಿಂಗ್ ಆಫೀಸಿನ ಮರೆಪ್ಪನ ಕಂಪ್ಯೂಟರಿಗೆ ಲಿನಕ್ಸ್ ಹಾಕಿದವರು ಅವರೇ. ಕಲಿಸುವ ಮೊದಲ ಪಾಠ ಎಲ್ಲರಿಗೂ ಒಂದೇ: "ಮೇನ್ ಸ್ವಿಚ್ ಕಡಿ ಕೈ ಒಯ್ಯಬ್ಯಾಡ್ರಿ." ಮರೆಪ್ಪನಿಗೆ ಲೇಥ್ ಎಂದರೇನೆಂದೇ ಗೊತ್ತಿಲ್ಲ. ಆದರೂ ಅವನ ಸ್ವಿಚ್ಚಿಗೂ ಈಗ ಕೆಂಪು ಬಟ್ಟೆ ಇದೆ. ಅದೇನೋ ಲಿನಕ್ಸಿನ ಶಾಸ್ತ್ರವೇ ಇರಬೇಕೆಂದು ಅವನು ತಿಳಿದಿದ್ದಾನೆ.

ಆರಕ್ಕೆ ಇನ್ನೂ ಸ್ವಲ್ಪ ಹೊತ್ತಿದೆ. ಯಾದಗಿರಿಯ ಯುವಕ ಬೆಚ್ಚಗಿನ ಫೋಟೋಗಳನ್ನು ಜೇಬಿಗೆ ಹಾಕಿಕೊಂಡು ಶಟರ್ ಕೆಳಗೆ ಬಗ್ಗಿ ಓಡುತ್ತಾನೆ. ಅವನನ್ನು ಇಲ್ಲಿಗೆ ಕಳಿಸಿದವರು ಬಸಲಿಂಗ. ಅದೇ ಕಾರ್ಖಾನೆಯಲ್ಲಿ ಈಗ ಅವರು ಪಾಳಿಯ ಮೇಸ್ತ್ರಿ. ಊರ ಕಡೆಯಿಂದ ಯಾರೇ ಬಂದರೂ ಮೊದಲು ಕೋಟು ಹಾಕಿಸಲು ಇಲ್ಲಿಗೇ ಅಟ್ಟುತ್ತಾರಂತೆ. ಹೊರಗೆ ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳ ಧೂಳು ಬೆಳಕಿನಲ್ಲಿ ಏಳತೊಡಗಿದೆ. ಬರುವ ವಾರ ಮತ್ತೆ ಆಯುಧಪೂಜೆ.

ಹಬ್ಬಕ್ಕೆ ಏನಾದರೂ ಆಸೆಯಿದೆಯೇ ಎಂದರೆ ಮುರಿಗೆಪ್ಪ ಕ್ಯಾಮೆರಾದ ಗಾಜು ಒರೆಸುತ್ತ ಯೋಚಿಸುತ್ತಾರೆ. "ಇದನ್ನ ಮಾಡಿದಾವ್ರು ಎಲ್ಲೆಲ್ಲಿ ಅದಾರೋ, ಒಬ್ರದೂ ಮಾರಿ ನೋಡಿಲ್ರಿ. ಅವ್ರೊಳಗ ಯಾರಾರ ಒಬ್ರು ದಾಸರಹಳ್ಳಿ ಕಡಿ ಬಂದ್ರ, ಈ ಸ್ಟೂಲಿನ ಮ್ಯಾಲ ಕುಂದ್ರಿಸಿ ಒಂದು ಫೋಟೋ ತಗೀಬೇಕ್ರಿ. ಗದ್ದ ಮ್ಯಾಲೆತ್ತಿ. ಅಷ್ಟ."

ಒಳಗಿನಿಂದ ಶರಣಮ್ಮನ ದನಿ ಬರುತ್ತದೆ: "ಬರಲಿ. ಕೋಟು ಇಸ್ತ್ರಿ ಮಾಡಿಸಿ ಇಟ್ಟೀನಿ."